‘ಆಕಿನ ಸಾಕು ಅಂದ್ಲು’: ಕುಷಾಯಿಗೂಡದಲ್ಲಿ ನಾಲ್ಕು ದಿನ

ನಮ್ಮ ಮನೆಯವರು ಈ ಕಥೆಯನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. “ಸಂಸ್ಥೆಯವರು ಮನೀಗೆ ಬಂದು ಕೇಳಿದ್ರಂತ, ಆಕಿನ ಸಾಕು ಅಂದ್ಲಂತ.” ಒಂದು ವಾಕ್ಯದಲ್ಲಿ ಎರಡು ‘ಅಂತ’ ಬಂದರೆ, ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮೈಕು ಹಿಡಿದು ನಿಂತವಳ ಕಿವಿ ನಿಗುರುತ್ತದೆ. ಹೇಳಿದವರು ಯಾರು, ಕೇಳಿಸಿಕೊಂಡವರು ಯಾರು, ನಮಗೆ ತಂದು ಮುಟ್ಟಿಸಿದವರು ಯಾರು? ಅಮ್ಮನಿಗೆ ಕೇಳಿದೆ. “ನಿಮ್ಮ ಮಾವ ಫೋನಿನ್ಯಾಗ ಹೇಳ್ಯಾನ, ಅವನೇನು ಸುಳ್ಳ ಹೇಳ್ತಾನೇನು?” ಅಂದಳು. ಸುಳ್ಳು ಎಂದು ನಾನು ಹೇಳಿರಲಿಲ್ಲ. ಸಾಕ್ಷಿ ಎಲ್ಲಿ ಎಂದಷ್ಟೇ ಕೇಳಿದ್ದೆ.

‘ಆಕಿನ’ ಅಂದರೆ ಆಕೆಯೇ; ಆ ‘ಆಕಿ’ ನನ್ನ ಸೋದರಮಾವನ ಮಗಳು ಸುವರ್ಣಕ್ಕ. ವಯಸ್ಸು ಮೂವತ್ತೆರಡು. ಹುಟ್ಟಿದಾಗಿನಿಂದ ಕೈಕಾಲು ಅವಳ ಹಿಡಿತದಲ್ಲಿಲ್ಲ, ನಾಲಿಗೆ ಅರ್ಧ ಹಿಡಿತದಲ್ಲಿದೆ, ತಲೆ ಮಾತ್ರ ನಮ್ಮೆಲ್ಲರಿಗಿಂತ ಚುರುಕು. ಮಾವ ಮೂವತ್ತು ವರ್ಷ ಹೈದರಾಬಾದಿನ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಕ್ಕ ಮಾತ್ರ ತಾಯಿಯ ಜೊತೆ ಕಲಬುರಗಿಯಲ್ಲೇ ಬೆಳೆದಳು. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡ ಮೇಲೆ ಮಾವ ಮಗಳನ್ನು ಕುಷಾಯಿಗೂಡದ ತಮ್ಮ ಬಾಡಿಗೆ ಮನೆಗೆ ಕರೆದೊಯ್ದರು. ಬೆಳೆದ ಮಗಳಿಗೆ ತಂದೆ ಸ್ನಾನ ಮಾಡಿಸುವುದು ಹೇಗೆ? ಸಿಕಂದರಾಬಾದಿನ ಒಂದು ಸೇವಾಸಂಸ್ಥೆ ದಿನವೂ ಒಬ್ಬ ಸಹಾಯಕಿಯನ್ನು ಕಳಿಸತೊಡಗಿತು.

ಆ ಸಂಸ್ಥೆ ಈ ವರ್ಷ ಹೊಸದೊಂದು ಪ್ರಯೋಗ ಹೂಡಿತ್ತು. ಅಂಗವಿಕಲರೇ ತಮ್ಮ ಸಹಾಯಕರನ್ನು ಆರಿಸಿಕೊಳ್ಳಬಹುದು, ಎಷ್ಟು ಗಂಟೆಗೆ ಬರಬೇಕು, ಏನು ಮಾಡಬೇಕು ಎಂದು ತಾವೇ ಹೇಳಬಹುದು, ಸಂಬಳ ಸಂಸ್ಥೆಯದು. ಸುವರ್ಣಕ್ಕ ಇದಕ್ಕಾಗಿ ಮೂರು ತಿಂಗಳಿಂದ ಕಾಯುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಮೂಗಿನ ತುದಿಯಿಂದ ಫೋನು ಒತ್ತಿ ಅವಳು ಕಳಿಸುವ ಸಂದೇಶಗಳಲ್ಲಿ ಮಾಳಮ್ಮ ಎಂಬ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಅಂಥವಳು ‘ಸಾಕು’ ಎನ್ನುವುದೆಂದರೇನು? ಕೊನೆಗೆ ಬಂದ ಸಂದೇಶ ಒಂದೇ ಪದ: ‘ಬಾ’. ಕಾನೂನು ಕಾಲೇಜಿಗೆ ಎರಡು ದಿನ ರಜೆ ಬರೆದುಕೊಟ್ಟು ಗುರುವಾರ ಬೆಳಿಗ್ಗೆ ಕಲಬುರಗಿ ಸ್ಟೇಷನ್ನಿಗೆ ಹೋದೆ.

ಸಾಮಾನ್ಯ ಬೋಗಿಯ ಟಿಕೆಟ್ಟಿಗೆ ನೂರರ ನೋಟು ಕೊಟ್ಟರೆ ಚಿಲ್ಲರೆ ವಾಪಸು ಬರುತ್ತದೆ. ದೂರ ಇನ್ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು. ಶಹಾಬಾದಿನ ಕಲ್ಲುಹಾಸುಗಳು, ವಾಡಿಯಲ್ಲಿ ಅರ್ಧ ಗಂಟೆ ಸುಮ್ಮನೆ ನಿಲ್ಲುವ ಗಾಡಿ, ಸೇಡಂ ದಾರಿಯ ಸಿಮೆಂಟಿನ ಬೂದು ಬೆಳಕು. ಕಿಟಕಿಯಾಚೆ ತೊಗರಿ ಹೊಲಗಳು ಹಳದಿ ಹೂ ಬಿಟ್ಟು ನಿಂತಿದ್ದವು. ತಾಂಡೂರು ದಾಟಿದ ಮೇಲೆ ಬೋಗಿಯ ಮಾತು ನಿಧಾನಕ್ಕೆ ತೆಲುಗಿಗೆ ಹೊರಳಿತು. ಕನ್ನಡದಲ್ಲಿ ಶುರುವಾದ ಜಗಳವೊಂದು ವಿಕಾರಾಬಾದಿನ ಹೊತ್ತಿಗೆ ತೆಲುಗಿನಲ್ಲಿ ರಾಜಿಯಾಯಿತು. ನನಗೆ ತೆಲುಗು ಬಾರದು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಕೊಂಡು ತಿಂದೆ. ತಲೆಯೊಳಗೆ ಸಂಸ್ಥೆಯ ವಿರುದ್ಧ ಎಂಟು ವಾದಗಳನ್ನು ಸಾಲಾಗಿ ನಿಲ್ಲಿಸಿಕೊಂಡೆ. ಎಂಟರಲ್ಲಿ ಒಂದೂ ಕೊನೆಗೆ ಉಪಯೋಗಕ್ಕೆ ಬರಲಿಲ್ಲ.

ಸಿಕಂದರಾಬಾದಿನಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಸಿಟಿ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರಮ್ಮ ಅದನ್ನು ತಿರುಗಿಸಿ ನೋಡಿ, “ಇದಿ ಕರ್ನಾಟಕ ಆಧಾರ್ ಅಮ್ಮಾ. ಟಿಕೆಟ್ ತೀಸ್ಕೋವಾಲಿ” ಎಂದರು. ನಮ್ಮಲ್ಲೂ ಹೆಂಗಸರಿಗೆ ಬಸ್ಸು ಪುಕ್ಕಟೆ, ಇಲ್ಲೂ ಪುಕ್ಕಟೆ, ಆದರೆ ಗಡಿ ದಾಟಿದ ಹೆಂಗಸಿಗೆ ಎಲ್ಲೂ ಇಲ್ಲ. ಇದರ ತರ್ಕದ ಬಗ್ಗೆ ಹಿಂದಿಯಲ್ಲಿ ಎರಡು ನಿಮಿಷ ವಾದಿಸಿ, ಸೋತು, ಟಿಕೆಟ್ ತೆಗೆದುಕೊಂಡೆ.

ಮಾವನ ಮನೆ ಕುಷಾಯಿಗೂಡದ ಒಂದು ಗಲ್ಲಿಯ ಕೊನೆಯಲ್ಲಿ, ನೆಲ ಅಂತಸ್ತಿನಲ್ಲಿದೆ. ಬಾಗಿಲಿಗೆ ಮೂರು ಮೆಟ್ಟಿಲು. ಆ ಮೂರು ಮೆಟ್ಟಿಲಿಂದಾಗಿ ಅಕ್ಕ ತಿಂಗಳುಗಟ್ಟಲೆ ಹೊರಗೆ ಬರುವುದಿಲ್ಲ. ಎದುರಿಗೆ ಐದಂತಸ್ತಿನ ಕಟ್ಟಡವೊಂದು ಏಳುತ್ತಿತ್ತು. ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂತ ಅವಳನ್ನು ನೋಡಿ ನನಗೆ ಮೊದಲು ಗುರುತೇ ಹತ್ತಲಿಲ್ಲ. ಸೊಂಟ ಮುಟ್ಟುತ್ತಿದ್ದ ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿದ್ದರು. ಮೈಮೇಲೆ ಬಣ್ಣಗೆಟ್ಟ ನೈಟಿ.

“ಕೂದಲಾ ಯಾರ್ ಕತ್ತರಿಸಿದ್ರು ಮಾವ?”

“ಸರಿತಾ ಅಂತ, ಈಗ ಬರಾಕತ್ತಿದಾಳಲ್ಲ, ಆಕಿ. ಸಂಸ್ಥೆಯವ್ರೂ ಅಂದ್ರು, ಅನುಕೂಲ ಅಂತ.” ಮಾವ ನನ್ನ ಚೀಲ ತೆಗೆದುಕೊಂಡು ಒಳಗೆ ಹೋದರು. ಯಾರ ಅನುಕೂಲ ಎಂದು ನಾನು ಅವರ ಬೆನ್ನಿಗೆ ಕೇಳಿದೆ. ಅವರು ಚಹಾಕ್ಕೆ ಇಟ್ಟರು.

ಅಕ್ಕನ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಅವಳ ನಾಲಿಗೆಗೆ ಕೆಲವೇ ಅಕ್ಷರಗಳು ಸಲೀಸು. ಅವುಗಳಿಂದಾಗುವ ಹತ್ತಿಪ್ಪತ್ತು ಪದಗಳಲ್ಲಿ ಅವಳ ಸಂಸಾರ ನಡೆಯುತ್ತದೆ. ಫ್ಯಾನು ಹಾಕಬೇಕೆಂದರೆ ‘ಚಾಲೂ’, ಆರಿಸಬೇಕೆಂದರೆ ‘ಬಂದ್’. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುತ್ತಾರೆ. ಆದರೆ ಅವಳಿಗೆ ಈ ಎರಡು ಪದ ಫ್ಯಾನಿಗಷ್ಟೇ ಅಲ್ಲ. ಊಟ ಬಡಿಸು ಎನ್ನಲು ಚಾಲೂ, ಕಥೆ ಮುಂದುವರಿಸು ಎನ್ನಲು ಚಾಲೂ, ಆಗಲಿ ಎನ್ನಲು ಚಾಲೂ. ನಾನು ಅವಳೆದುರು ಮೊಣಕಾಲೂರಿ ಕೂತು ಬಾಯಿ ತೆರೆಯುವಷ್ಟರಲ್ಲಿ ಅವಳು ಕತ್ತು ಓರೆ ಮಾಡಿ, “ವಕೀ...ಲಾ. ಚಾಲೂ” ಎಂದು ನಕ್ಕಳು. ಶುರು ಮಾಡು ನಿನ್ನ ಭಾಷಣ ಎಂದು.

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಬಾಗಿಲು ಬಡಿದು ಸರಿತಾ ಬಂದಳು. ನಲವತ್ತರ ಹೆಂಗಸು, ಬಿರುಸು ಕೈ, ಕೆಟ್ಟವಳಲ್ಲ. ಅವಳಿಗೆ ಹತ್ತು ಗಂಟೆಯೊಳಗೆ ಐದು ಮನೆ ಮುಗಿಯಬೇಕು. ಹಾಗಾಗಿ ಅಕ್ಕನ ಸ್ನಾನ ಐದೂವರೆಗೆ, ಚಳಿಯಿರಲಿ ಬಿಡಲಿ. ನಾನು ಬಚ್ಚಲ ಬಾಗಿಲಲ್ಲಿ ಟವೆಲು ಹಿಡಿದು ನಿಂತೆ. ಸರಿತಾ ಎರಡು ತಂಬಿಗೆ ನೀರು ಹಾಕಿ, “ಚಾಲಾ?” ಎಂದು ಕೇಳಿದಳು. ಅಕ್ಕ ತುಟಿ ಬಿಗಿಹಿಡಿದು ಗೋಡೆ ನೋಡುತ್ತ ಕೂತಳು. ಸರಿತಾ ಇನ್ನೊಂದು ತಂಬಿಗೆ ಹಾಕಿದಳು. ಮತ್ತೆ ಕೇಳಿದಳು. ಅಕ್ಕ ಮತ್ತೆ ಮಾತಾಡಲಿಲ್ಲ. ಮತ್ತೊಂದು ತಂಬಿಗೆ ಬಿತ್ತು. ಜಗಳವಾಗಿರಬೇಕು ಇಬ್ಬರಿಗೂ ಎಂದುಕೊಂಡೆ. ಎದುರಿಗಿದ್ದ ಸಾಕ್ಷ್ಯವನ್ನು ನಾನು ಓದಲಿಲ್ಲ.

ಮಧ್ಯಾಹ್ನ ಎದುರಿನ ಕಟ್ಟಡದಲ್ಲಿ ಊಟದ ಬಿಡುವಾದಾಗ ಮಾಳಮ್ಮ ಬಂದಳು. ಯಾದಗಿರಿ ಕಡೆಯವಳು, ತಲೆಗೆ ಸಿಂಬಿ, ಕಾಲಿಗೆಲ್ಲ ಸಿಮೆಂಟು. ಗಾರೆ ಕೆಲಸದ ಗುಂಪಿನ ಜೊತೆ ಬಂದು ಎಂಟು ತಿಂಗಳಾಗಿತ್ತು. ಮೊದಲ ವಾರದಲ್ಲಿ ನೀರು ಕೇಳಲು ಕಿಟಕಿಗೆ ಬಂದಿದ್ದಳಂತೆ.

“ನಾ ಹಿಂದಿಯಾಗ ‘ಪಾನಿ’ ಅಂದ್ನಿರಿ. ಈ ಯವ್ವಾ ಒಳಗಿಂದ, ನೀರು ಅನ್ನಾಕ, ‘ಅಪ್ಪಾ, ನೀ’ ಅಂತ ಒದರಿದ್ಲು. ಏ, ಇಕಿ ನಮ್ಮಾಕಿ ಅಂದೆ. ನಮ್ಮ ತಮ್ಮನೂ ಹಿಂಗ ಮಾತಾಡ್ತಿದ್ದ ರೀ, ಸಣ್ಣಾವಿದ್ದಾಗ ಹ್ವಾದ. ನನಗ ತಿಳೀತೈತಿ.”

ಅಕ್ಕ ಏನೋ ಅಂದಳು, ಉದ್ದಕ್ಕೆ. ನನಗೆ ಅರ್ಧ ತಿಳಿಯಿತು. ಮಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ನನ್ನ ಮೈಯ್ಯಾಗಿನ ಸಿಮೆಂಟ್ ಕೆರಕೊಂಡ್ರ ಮೂರು ಮೆಟ್ಲಿಗೆ ಇಳಿಜಾರು ಕಟ್ಟಬೌದಂತ್ರಿ. ಹಿಂಗ ಕಾಡ್ತಾಳ ದಿನಾ.”

ಬೆಳಗಿನ ಸ್ನಾನದ ಮೌನದ ಬಗ್ಗೆ ಕೇಳಿದೆ. ಅಕ್ಕ ಹೇಳಿದ್ದನ್ನು ಮಾಳಮ್ಮ ನನಗೆ ಮುಟ್ಟಿಸಿದಳು: “ಬಾಯಿ ಬಿಟ್ರ ನೀರು ಬಂದ್ ಆಗ್ತಾವಂತ. ಸುಮ್ಕಿದ್ರ ಬರ್ತಾವಂತ.” ಇದೆಂಥ ಬಚ್ಚಲು ಎಂದು ನಾನು ನಕ್ಕುಬಿಟ್ಟೆ. ಅವರಿಬ್ಬರೂ ನಗಲಿಲ್ಲ.

ಅಕ್ಕನಿಗೆ ಬೇಕಾದದ್ದು ದೊಡ್ಡದೇನಲ್ಲ. ಮಾಳಮ್ಮ ತನ್ನ ಸಹಾಯಕಿಯಾಗಬೇಕು. ಬಿಸಿಲು ಬಂದ ಮೇಲೆ, ಹತ್ತು ಗಂಟೆಗೆ ಸ್ನಾನವಾಗಬೇಕು. ನೈಟಿಯ ಬದಲು ಸೀರೆ. ಕೂದಲು ಬೆಳೆಯಬೇಕು. ವಾರಕ್ಕೊಮ್ಮೆ ಸಂತೆಗೆ ಹೋಗಿ ಬದನೆಕಾಯಿಯನ್ನು ತಾನೇ ಆರಿಸಬೇಕು. ಆದರೆ ಎದುರಿನ ಕಟ್ಟಡದ ಕೆಲಸ ಮುಗಿಯುತ್ತ ಬಂದಿತ್ತು. ಗುತ್ತಿಗೆದಾರ ಭಾನುವಾರ ಬೆಳಿಗ್ಗೆ ಗುಂಪನ್ನು ಮೆಹದಿಪಟ್ಟಣಂನಿಂದ ಆಚೆಗೆ, ನಗರದ ಇನ್ನೊಂದು ತುದಿಗೆ ಸಾಗಿಸುವವನಿದ್ದ. ಶನಿವಾರದೊಳಗೆ ಸಂಸ್ಥೆ ಒಪ್ಪಿದರೆ ಮಾಳಮ್ಮ ಇಲ್ಲೇ ಉಳಿಯುತ್ತಾಳೆ. ಇಲ್ಲವಾದರೆ ಗುಂಪಿನ ಜೊತೆ ಹೋಗುತ್ತಾಳೆ.

ಸಂಜೆ ಮಾವನ ಜೊತೆ ವಾದಕ್ಕೆ ಕೂತೆ. ಅವರು ಅವರೆಕಾಯಿ ಸುಲಿಯುತ್ತಿದ್ದರು.

“ಮಾಳಮ್ಮ ಕೂಲಿ ಹೆಣ್ಮಗಳವ್ವಾ. ಇವತ್ತ ಇಲ್ಲಿ, ನಾಳೆ ಮತ್ತೆಲ್ಲೋ. ಊರಾಗ ಒಂದು ಲಗ್ನ ಆತು, ಸಾವಾತು, ಹೋದ್ಲಂದ್ರ? ಸಂಸ್ಥೆಯವರಾದ್ರ ಒಬ್ರು ಬರಲಿಲ್ಲಂದ್ರ ಇನ್ನೊಬ್ರನ್ನ ಕಳಸ್ತಾರ.”

“ಹಂಗಾರ ಅಕ್ಕ ಆರಿಸಬಾರದು, ಸಂಸ್ಥೆ ಆರಿಸಬೇಕು. ಇಷ್ಟ ನಿಮ್ಮ ವಾದ?”

“ನನ್ನ ವಾದ ಏನೂ ಇಲ್ಲ. ಆಕಿನ ಸಾಕು ಅಂದ್ಲು.”

“ನಿಮ್ಮ ಮುಂದ ಅಂದ್ಲಾ?”

ಮಾವ ಒಂದು ಕಾಯಿಯನ್ನು ಬಹಳ ಹೊತ್ತು ಸುಲಿದರು. “ನನಗ ಅರವತ್ತೆರಡು. ಆಕಿಗೆ ಮೂವತ್ತೆರಡು. ನಾ ಹ್ವಾದ ಮ್ಯಾಲೂ ಯಾರರ ಐದೂವರಿಗೆ ಬಂದು ಬಾಗಲಾ ಬಡೀಬೇಕು. ಅದೊಂದ ನೋಡು, ನನಗ ಬೇಕಾದದ್ದು.” ನನ್ನ ಬಳಿ ಇದಕ್ಕೆ ಮೂರು ಖಂಡನೆಗಳು ಸಿದ್ಧವಿದ್ದವು. ಅವನ್ನು ಬಿಟ್ಟು ನಾನೂ ಅವರೆಕಾಯಿ ಸುಲಿಯತೊಡಗಿದೆ. ಅವರು ಎದ್ದು ಹೋಗಿ ಮಗಳಿಗೆ ಊಟ ಮಾಡಿಸಲು ಕೂತರು. ಪ್ರತಿ ತುತ್ತನ್ನೂ ಊದಿ, ತುಟಿಗೆ ತಾಗಿಸಿ, ಅವಳು ಕಣ್ಣಲ್ಲಿ ಹೂಂ ಅಂದ ಮೇಲೇ ಬಾಯಿಗೆ ಇಡುತ್ತಿದ್ದರು. ಅವಳ ಕಣ್ಣಿನ ಒಂದು ಚಲನೆಯೂ ಆ ಮನುಷ್ಯನಿಗೆ ತಪ್ಪುತ್ತಿರಲಿಲ್ಲ.

ಶನಿವಾರ ಸಿಕಂದರಾಬಾದಿಗೆ ಹೊರಟೆವು. ಅಕ್ಕ ತಾನೂ ಬರುತ್ತೇನೆಂದು ಹಟ ಹಿಡಿದಳು. ಮಾವ ಮಂಡಿನೋವು ಎಂದು ಮನೆಯಲ್ಲೇ ಉಳಿದರು. ಮಾಳಮ್ಮ ಅರ್ಧ ದಿನದ ಕೂಲಿ ಬಿಟ್ಟು ಬಂದಳು. ಮೂರು ಆಟೋದವರು ಗಾಲಿಕುರ್ಚಿ ನೋಡಿ ಮುಂದೆ ಹೋದರು. ನಾಲ್ಕನೆಯವನು ಕುರ್ಚಿ ಮಡಚಿ ಹಿಂದೆ ಹಗ್ಗದಿಂದ ಬಿಗಿದ. “ಆಪಾ, ಗಿರಾ ತೋ ಮೇರಕು ನಕ್ಕೋ ಬೋಲೋ” ಎಂದು, ಬಿದ್ದರೆ ನನ್ನನ್ನು ಕೇಳಬೇಡಿ ಎಂದು, ಮೊದಲೇ ಕೈ ತೊಳೆದುಕೊಂಡ. ಅಕ್ಕನನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ದಾರಿಯುದ್ದಕ್ಕೂ ಅವಳು ಕತ್ತು ಹೊರಳಿಸಿ ಅಂಗಡಿ ನೋಡಿದಳು. ಒಂದು ಕಡೆ ಬಳೆ ಅಂಗಡಿ ಬಂದಾಗ ಅವಳ ಕೈ ತಾನಾಗಿ ಎದ್ದು ನನ್ನ ಗಲ್ಲಕ್ಕೆ ಬಡಿಯಿತು.

ಸಂಸ್ಥೆಯ ಕಚೇರಿ ಒಂದು ಹಳೆಯ ಬಂಗಲೆ. ಗೋಡೆಯ ತುಂಬ ನಗುವ ಅಂಗವಿಕಲರ ಚಿತ್ರಗಳು, ಕೆಳಗೆ ಮೂರು ಭಾಷೆಗಳಲ್ಲಿ ‘ನನ್ನ ಬದುಕು, ನನ್ನ ಆಯ್ಕೆ’ ಎಂಬಂಥ ಬರಹ. ಕನ್ನಡ ಆ ಮೂರರಲ್ಲಿ ಇರಲಿಲ್ಲ. ಕಾರ್ಯಕ್ರಮ ನೋಡಿಕೊಳ್ಳುವ ಮೇಡಂ ಐವತ್ತರ ಆಸುಪಾಸಿನವರು. ನಾನು ಯುದ್ಧಕ್ಕೆ ಬಂದಿದ್ದೆ, ಅವರು ನೀರು ತರಿಸಿಕೊಟ್ಟರು. ನಾನು ಹಿಂದಿಯಲ್ಲಿ ಹೇಳಿದೆ: ಈಕೆ ಮೂರು ತಿಂಗಳಿಂದ ಕಾದವಳು, ಈಕೆ ಬೇಡ ಎಂದಿರಲು ಸಾಧ್ಯವಿಲ್ಲ, ದಾಖಲೆ ತೋರಿಸಿ.

ಅವರು ತಕರಾರಿಲ್ಲದೆ ಕಡತ ತೆಗೆದರು. ನಮೂನೆ ತೆಲುಗಿನಲ್ಲಿತ್ತು. ‘ಫಲಾನುಭವಿಯ ಸ್ವಂತ ಮಾತು’ ಎಂಬ ಅಂಕಣದ ಮೇಲೆ ಬೆರಳಿಟ್ಟು ಓದಿದರು. “ಚೂಡಂಡಿ. ಆಮೆ ‘ಚಾಲು’ ಅನಿಂದಿ. ಮೂಡು ಸಾರ್ಲು.” ನನಗೆ ಅರ್ಥವಾಗಲಿಲ್ಲವೆಂದು ಹಿಂದಿಗೆ ಬಂದರು: ಅವಳು ಮೂರು ಸಲ ಚಾಲು ಅಂದಳು.

“ಹೌದಲ್ಲ ಮತ್ತೆ,” ನಾನು ಗೆದ್ದ ದನಿಯಲ್ಲಿ ಹೇಳಿದೆ. “ಚಾಲೂ ಅಂದಿದ್ದಾಳೆ. ಶುರು ಮಾಡಿ ಅಂತ.”

ಮೇಡಂ ನನ್ನ ಮುಖ ನೋಡಿದರು. ತೆಲುಗಿನಲ್ಲಿ ಚಾಲು ಎಂದರೆ ಸಾಕು, ಬಸ್, ಎಂದರು.

ನನಗೆ ಬಚ್ಚಲು ನೆನಪಾಯಿತು. ಸರಿತಾ ಕೇಳಿದ ‘ಚಾಲಾ?’ ಎಂದರೆ ‘ಸಾಕಾ?’. ಅಕ್ಕ ‘ಚಾಲೂ’, ಇನ್ನೂ ಹಾಕು, ಎಂದಾಗಲೆಲ್ಲ ನಿಂತುಹೋದ ನೀರು. ಬಾಯಿ ಮುಚ್ಚಿಕೊಂಡರೆ ಮಾತ್ರ ಸಿಗುವ ಮತ್ತೊಂದು ತಂಬಿಗೆ. ಮಾಳಮ್ಮನಿಗೆ ವಿಷಯ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳು ಅಕ್ಕನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು, “ಯವ್ವಾ, ಎಂಥಾ ದೇಶಕ್ಕ ತಂದು ಕುಂದರಿಸ್ಯಾರ ನಿನ್ನ” ಎಂದಳು.

ಆಗಲೇ ನನಗೆ ಇನ್ನೊಂದು ಹೊಳೆಯಿತು. ಅದು ಕಲಬುರಗಿಯಲ್ಲೇ ಹೊಳೆಯಬೇಕಿತ್ತು. ಸುವರ್ಣಕ್ಕನ ನಾಲಿಗೆಗೆ ಸಕಾರ ಬರುವುದೇ ಇಲ್ಲ. ತನ್ನ ಹೆಸರನ್ನೇ ಅವಳು ‘ಉವಣ್ಣಾ’ ಅನ್ನುತ್ತಾಳೆ. ಅವಳು ಹುಟ್ಟಿದಾಗಿನಿಂದ ‘ಸಾಕು’ ಎಂಬ ಪದವನ್ನು ಒಮ್ಮೆಯೂ ಆಡಿಲ್ಲ. ಆಡಬೇಕಾದಾಗ ‘ಬಂದ್’ ಅನ್ನುತ್ತಾಳೆ. ಹಾಗಾದರೆ ನಮ್ಮ ಮನೆಯವರೆಲ್ಲ ಬಾಯಿಪಾಠ ಮಾಡಿಕೊಂಡ ಆ ‘ಸಾಕು’ ಎಲ್ಲಿಂದ ಬಂತು?

“ಅವತ್ತು ಪ್ರಶ್ನೆ ಕೇಳಿದ್ದು ಯಾವ ಭಾಷೆಯಲ್ಲಿ?” ಎಂದೆ.

ಮೇಡಂ ನಮೂನೆಯ ಕೆಳಗಿನ ಸಾಲು ತೋರಿಸಿದರು. ಅನುವಾದ: ತಂದೆ. ಪಕ್ಕದಲ್ಲಿ ಮಾವನ ಸಹಿ, ನಾನು ಚೆನ್ನಾಗಿ ಬಲ್ಲ ಕನ್ನಡದ ಸಹಿ. “ಹೊಸದನ್ನು ಶುರು ಮಾಡೋಣವೇ, ಈಗಿನದೇ ಸಾಕೇ ಎಂದು ನಾನು ತೆಲುಗಿನಲ್ಲಿ ಕೇಳಿದೆ. ಅವರು ಮಗಳಿಗೆ ಕನ್ನಡದಲ್ಲಿ ಹೇಳಿದರು. ಅವಳು ‘ಚಾಲೂ’ ಅಂದಳು, ನಾನು ಬರೆದುಕೊಂಡೆ. ನಿಜವಾಗಿಯೂ ಸಾಕಂತಾ ಎಂದು ಇನ್ನೆರಡು ಸಲ ಕೇಳಿಸಿದೆ. ಅದೇ ಉತ್ತರ. ಕೊನೆಗೆ ಸರೀನಾ ಎಂದು ಅವರನ್ನೇ ಕೇಳಿದೆ. ಸರಿ ಅಂದರು.” ಮೂವತ್ತು ವರ್ಷ ತೆಲುಗಿನವರ ನಡುವೆ ದುಡಿದ ಮನುಷ್ಯ. ಅವತ್ತು ಎರಡು ಭಾಷೆಯೂ ಬಲ್ಲವರು ಆ ಮನೆಯಲ್ಲಿ ಅವರೊಬ್ಬರೇ.

ಮೇಡಂ ತಪ್ಪು ಒಪ್ಪಿಕೊಂಡರು. ಇಷ್ಟು ಸುಲಭವಾಗಿ ಎದುರಾಳಿ ಒಪ್ಪಿಕೊಂಡ ಚರ್ಚೆ ನನ್ನ ಅನುಭವದಲ್ಲೇ ಇಲ್ಲ. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಈ ಸಲದ ಜಾಗಗಳೆಲ್ಲ ತುಂಬಿ, ಪಟ್ಟಿ ಹಣ ಕೊಡುವವರ ಕೈಗೆ ಹೋಗಿಯಾಗಿತ್ತು. ಮತ್ತೊಂದು ತಂಡ ಮಾಡುತ್ತೇವೆ, ಯಾವಾಗ ಎಂದು ಹೇಳಲಾರೆ, ಇವರ ಹೆಸರು ಮೊದಲು ಬರೆದುಕೊಳ್ಳುತ್ತೇನೆ ಎಂದರು. ಪೆನ್ನು ತೆಗೆದು ಅಕ್ಕನ ಕಡೆ ತಿರುಗಿ, ಹಿಂದಿಯಲ್ಲಿ, ನಿಧಾನವಾಗಿ ಕೇಳಿದರು: “ನಿಮಗೆ ಏನು ಬೇಕು, ನೀವೇ ಹೇಳಿ.”

ನಾನು ಹೇಳಿದೆ. ಹತ್ತು ಗಂಟೆಯ ಸ್ನಾನ, ಸೀರೆ, ಕೂದಲು, ಸಂತೆ, ಎಲ್ಲವನ್ನೂ ಅಚ್ಚುಕಟ್ಟಾಗಿ, ಅನುಕ್ರಮವಾಗಿ ಹೇಳಿದೆ. ಸಂತೆಯ ಹತ್ತಿರ ಬಂದಾಗ ಅಕ್ಕ ಕುರ್ಚಿಯ ಕೈಗೆ ಬಡಿಯತೊಡಗಿದಳು. ಮೈ ಎಳೆದಿರಬೇಕು ಎಂದುಕೊಂಡು ನಾನು ಅವಳ ಮಣಿಕಟ್ಟು ಹಿಡಿದು ಮಾತು ಮುಂದುವರಿಸಿದೆ. ಅವಳು ದೊಡ್ಡದಾಗಿ, “ಬಂದ್” ಎಂದಳು.

ಮಾಳಮ್ಮ ನನ್ನ ಮೊಣಕೈ ಮುಟ್ಟಿದಳು. “ಆ ‘ಬಂದ್’ ನಿಮಗ ಅಂದಾಳ್ರಿ. ಮೇಡಮ್ಮು ಆಕಿನ್ನ ಕೇಳ್ಯಾರಂತ.”

ಆಮೇಲೆ ಅಕ್ಕ ಮಾತಾಡಿದಳು. ಒಂದೊಂದು ಪದಕ್ಕೂ ಮೈಯೆಲ್ಲ ಬಿಗಿದು, ಕತ್ತಿನ ನರ ಉಬ್ಬಿ, ನಡುವೆ ಎರಡು ಸಲ ಮೊದಲಿಂದ ಶುರು ಮಾಡಿ. ಹೊರಗೆ ರೈಲಿನ ಪ್ರಕಟಣೆ ಕೇಳಿಸುತ್ತಿತ್ತು. ಮೇಡಂ ಮೇಜಿನ ಫೋನು ರಿಂಗಾದರೂ ಎತ್ತಲಿಲ್ಲ. ಅದಕ್ಕೆ ನಾನು ಅವರನ್ನು ಗೌರವಿಸುತ್ತೇನೆ. ಮಾಳಮ್ಮ ಅದನ್ನು ನನಗೆ ಹೇಳಿದಳು, ನಾನು ಹಿಂದಿಗೆ ತಿರುಗಿಸಿದೆ, ಒಂದು ಪದ ಸೇರಿಸದೆ: ಮುಂದಿನ ಸಲ ಬಂದಾಗ ನನ್ನ ಮುಖ ನೋಡಿ ಕೇಳಿ. ನಮ್ಮಪ್ಪನ ಮುಖ ನೋಡಬೇಡಿ.

ಮೇಡಂ ಬರೆದುಕೊಂಡರು. ಆಗ ತಿಳಿಯಿತು, ಅಕ್ಕನಿಗೆ ಗೊತ್ತಿತ್ತು. ಬಚ್ಚಲಲ್ಲಿ ಕಲಿತಿದ್ದಳಲ್ಲ, ಆ ಪದ ಈ ಊರಿನಲ್ಲಿ ಏನಾಗುತ್ತದೆಂದು. ಆದರೆ ಅವತ್ತು ಕೇಳಿದ್ದು ಅಪ್ಪ, ಕೇಳಿದ್ದು ಕನ್ನಡದಲ್ಲಿ. ಅಪ್ಪನಿಗೆ ಕನ್ನಡದಲ್ಲೇ ಉತ್ತರ ಕೊಟ್ಟಿದ್ದಳು. ಉಳಿದದ್ದನ್ನು ಅಪ್ಪ ನೋಡಿಕೊಳ್ಳುತ್ತಾನೆಂದು ನಂಬಿದ್ದಳು.

ವಾಪಸು ಆಟೋದಲ್ಲಿ ನಾನು ಕೊತಕೊತ ಕುದಿಯುತ್ತಿದ್ದೆ. ಮನೆಗೆ ಹೋದ ಕೂಡಲೇ ಮಾವನನ್ನು ಕಟಕಟೆಯಲ್ಲಿ ನಿಲ್ಲಿಸುತ್ತೇನೆ ಎಂದೆ. ಅಕ್ಕ ತಲೆ ಅಲ್ಲಾಡಿಸಿದಳು. ಅವಳು ಹೇಳಿದ್ದನ್ನು ಈ ಸಲ ಮಾಳಮ್ಮನ ಸಹಾಯವಿಲ್ಲದೆ ನಾನೇ ತಿಳಿದುಕೊಂಡೆ, ಮೂರು ಸಲ ಕೇಳಿ: ನಾನು ಬಾಯಿ ತೆರೆದರೆ ಅಪ್ಪ ಎದ್ದು ಹೋಗುತ್ತಾನೆ. ನನ್ನ ಮಾತು ಮುಗಿಯುವಷ್ಟು ಹೊತ್ತು ಕೂರುವುದಿಲ್ಲ. ನೀನು ಕೇಳು. ನಿನ್ನ ಮಾತಲ್ಲ, ನನ್ನದು. ಮನೆಯಲ್ಲಿ ಬೇಡ. ಏನು ಕೇಳಬೇಕೆಂಬುದನ್ನು ಅವಳು ಹೇಳಿದಳು. ನಾನು ಫೋನಿನಲ್ಲಿ ಬರೆದುಕೊಂಡು ಅವಳಿಗೆ ಓದಿ ಹೇಳಿದೆ. ಒಂದು ಕಡೆ ತಿದ್ದಿಸಿದಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ಎದುರಿನ ಕಟ್ಟಡದ ಮುಂದೆ ಲಾರಿ ಬಂತು. ಬುಟ್ಟಿ, ಸಲಿಕೆ, ಒಲೆ, ಮೂಟೆ, ಎರಡು ಕೋಳಿ ಹತ್ತಿದವು. ಮಾಳಮ್ಮ ಕಿಟಕಿಗೆ ಬಂದು ಸರಳಿನೊಳಗೆ ಕೈ ತೂರಿಸಿ ಅಕ್ಕನ ಗಿಡ್ಡ ಕೂದಲಿಗೆ ಎಣ್ಣೆ ಹಚ್ಚಿದಳು. “ಬೆಳೀತಾವ ತಗೋ. ಇದೇನ್ ಗೋಡೆ ಏನು, ಕಟ್ಟಿದಷ್ಟ ಇರಾಕ” ಎಂದಳು. ಅಕ್ಕ ಏನೋ ಅಂದಳು. ಮಾಳಮ್ಮ ನಗುತ್ತ, ನಗುತ್ತಲೇ ಮೂಗು ಒರೆಸಿಕೊಳ್ಳುತ್ತ ಓಡಿಹೋಗಿ ಲಾರಿ ಹತ್ತಿದಳು. ಅಕ್ಕ ಏನಂದಳು ಎಂದು ನನಗೆ ಗೊತ್ತಿಲ್ಲ. ಅದನ್ನು ತಿಳಿಸಬಲ್ಲವಳು ಲಾರಿಯಲ್ಲಿದ್ದಳು.

ಮಾವ ಒಳಗೆ ನನ್ನ ಬುತ್ತಿ ಕಟ್ಟುತ್ತಿದ್ದರು. ಹಿಂದಿನ ದಿನ ಏನಾಯಿತು ಎಂದು ಅವರು ಕೇಳಲಿಲ್ಲ. ಜಾಗ ತುಂಬಿದೆಯಂತೆ ಎಂದಷ್ಟೇ ನಾನು ಹೇಳಿದ್ದೆ. ಹೋಗುವಾಗ ಅಕ್ಕನ ಎದುರು ಕೂತೆ. ಅವಳು “ಚಾಲೂ” ಅನ್ನಲೂ ಇಲ್ಲ, “ಬಂದ್” ಅನ್ನಲೂ ಇಲ್ಲ. ನನ್ನ ಫೋನಿನ ಕಡೆ ನೋಡಿದಳು.

ಪಕ್ಕದ ಮನೆಯವರನ್ನು ಅಕ್ಕನ ಹತ್ತಿರ ಕೂರಿಸಿ ಮಾವ ಸ್ಟೇಷನ್ನಿನವರೆಗೂ ಬಂದರು. ಬಸ್ಸಿನಲ್ಲಿ ನನಗೆ ಸೀಟು ಹಿಡಿದುಕೊಟ್ಟರು. ಪ್ಲಾಟ್‌ಫಾರ್ಮಿನಲ್ಲಿ ನೀರಿನ ಬಾಟಲಿ, ಬಾಳೆಹಣ್ಣು, ಅಮ್ಮನಿಗೆಂದು ಒಂದು ಡಬ್ಬಿ ಬಿಸ್ಕತ್ತು ತಂದರು. ಮಂಡಿ ನಿಜವಾಗಿಯೂ ನೋಯುತ್ತಿತ್ತು, ಕುಂಟುತ್ತಿದ್ದರು. ಗಾಡಿ ನಿಂತಿತ್ತು, ಹೊರಡಲು ಹತ್ತು ನಿಮಿಷವಿತ್ತು. ನಾನು ಕಿಟಕಿಯ ಪಕ್ಕ ಕೂತೆ, ಅವರು ಹೊರಗೆ ಸರಳು ಹಿಡಿದು ನಿಂತರು. ಸರಿತಾ ಸೋಮವಾರದಿಂದ ಐದಕ್ಕೇ ಬರುತ್ತಾಳಂತೆ, ಅವಳಿಗೆ ಇನ್ನೊಂದು ಮನೆ ಸಿಕ್ಕಿದೆಯಂತೆ ಎಂದರು. ತೊಗರಿ ಬೆಳೆ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ.

ನನ್ನ ತಲೆಯಲ್ಲಿ ಬೇಕಾದಷ್ಟು ಪ್ರಶ್ನೆಗಳಿದ್ದವು. ಯಾಕೆ ಸಹಿ ಹಾಕಿದಿರಿ, ಯಾರಿಗೆ ಹೆದರಿದಿರಿ, ಮಾಳಮ್ಮನ ಕೈ ಅಡುಗೆಮನೆಗೆ ಬರುವುದು ನಿಮಗೆ ಬೇಡವಾಗಿತ್ತೇ, ಅಥವಾ ಅವಳ ಮಾತು ಇನ್ನೊಬ್ಬರಿಗೂ ತಿಳಿಯಿತೆಂಬುದೇ ಬೇಡವಾಗಿತ್ತೇ. ಒಂದನ್ನೂ ಕೇಳಲಿಲ್ಲ. ಫೋನು ತೆಗೆದೆ.

“ಮಾವ, ಇದು ನನ್ನ ಪ್ರಶ್ನೆ ಅಲ್ಲ. ಸುವರ್ಣಕ್ಕಂದು. ಆಕಿ ಹೆಂಗ ಹೇಳ್ಯಾಳೋ ಹಂಗ ಓದ್ತೀನಿ. ಎದ್ದು ಹೋಗಬ್ಯಾಡ್ರಿ.”

ಅವರು ಸರಳು ಬಿಡಲಿಲ್ಲ. ಓದಿದೆ.

“ಅಪ್ಪಾ, ಅವತ್ತ ನಾ ಏನಂದೆ ಅಂತ ನಿನಗೂ ತಿಳೀಲಿಲ್ಲೇನು?”